ಬರೆ ಬಿದ್ದ ಎಡಗೈ

ಸೊಸೆ ಅಂದರೆ ರುದ್ರಾಣಿ ಎನ್ನುತ್ತಿತ್ತು ನ್ಯಾಮತಿಯ ಪೇಟೆಬೀದಿ. ಎನ್ನಲಿ ಬಿಡಿ! ಅವಳ ಹೊಟ್ಟೆಯೊಳಗೆ ಏನು ಕುದಿಯುತ್ತಿತ್ತೆಂದು ಹೊಗಳುವವರಿಗೇನು ಗೊತ್ತು?

ಎಪ್ಪತ್ತೊಂದನೇ ಇಸವಿಯಲ್ಲಿ ಚನ್ನಗಿರಿಯಿಂದ ಮದುವೆಯಾಗಿ ಬಂದ ಎಂಟನೇ ದಿನ, ಹಸಿವು ತಾಳಲಾರದೆ, ಲಿಂಗಪೂಜೆಗೆ ಮೊದಲೇ ಒಂದು ಚೂರು ರೊಟ್ಟಿ ಬಾಯಿಗಿಟ್ಟಿದ್ದಳು. ಅತ್ತೆ ಸರ್ವಮಂಗಳಮ್ಮ ನೋಡಿಬಿಟ್ಟಳು. ಒಲೆಯಲ್ಲಿ ಕಬ್ಬಿಣದ ಸೌಟು ಕಾಯಿಸಿ ಸೊಸೆಯ ಎಡ ಅಂಗೈಗೆ ಬರೆ ಎಳೆದಳು, ಪುಣ್ಯಾತ್ಗಿತ್ತಿ.

"ಲಿಂಗ ಹಿಡಿಯೋ ಕೈ ಐತಲ್ಲ, ಅದಕ್ಕೆ ಬುದ್ಧಿ ಬರ್ಲಿ."

ಆಮೇಲೆ ಏನೂ ಆಗಿಲ್ಲವೆಂಬಂತೆ ತಾನು ಪೂಜೆಗೆ ಕೂತಳು. ಮೂಲೆಯಲ್ಲಿ ಬಿಕ್ಕುತ್ತಿದ್ದವಳಿಗೆ ಗದರಿದಳು: "ಪೂಜೆ ಹೊತ್ನಾಗೆ ಬಾಯಿ ಬಿಡಬಾರ್ದು."

ಹನ್ನೆರಡು ವರ್ಷ ರುದ್ರಾಣಿ ಹಲ್ಲು ಕಚ್ಚಿಕೊಂಡು ಕಾದಳು. ಎಂಬತ್ಮೂರರಲ್ಲಿ ಅತ್ತೆಗೆ ಲಕ್ವ ಹೊಡೆದು ಎಡಗೈ ಬಿದ್ದುಹೋಯಿತು. ಎಡ ಅಂಗೈ ಮೇಲೆ ಲಿಂಗವಿಟ್ಟು ದಿಟ್ಟಿಸಿ ನೋಡದೆ ಮುದುಕಿ ನೀರೂ ಮುಟ್ಟುವವಳಲ್ಲ. ಎರಡು ದಿನ ಉಪವಾಸ ಬಿದ್ದಳು. ಮಗ ಮಲ್ಲಿಕಾರ್ಜುನಪ್ಪ ಗಾಬರಿಯಾಗಿ ಮಠದ ಅಯ್ಯನವರನ್ನು ಕರೆತಂದ.

"ಹಿರೇರ ಸೇವೆನೂ ಶಿವಪೂಜೆನೇ," ಎಂದರು ಅಯ್ಯನವರು. "ಮನೆಯವರು ಯಾರಾದ್ರೂ ತಮ್ಮ ಕೈ ಚಾಚಿ ಹಿಡೀರಿ, ಅದರ ಮೇಲೆ ಲಿಂಗ ಇಟ್ಟು ಪೂಜೆ ಮಾಡ್ಲಿ."

"ನಾನು ಹಿಡೀತೀನಿ," ಎಂದಳು ರುದ್ರಾಣಿ, ಗಂಡ ಬಾಯಿ ತೆರೆಯುವ ಮೊದಲೇ.

ಅವತ್ತಿನಿಂದ ದಿನಾ ಬೆಳಿಗ್ಗೆ ಮುದುಕಿಯ ಮೈ ತೊಳೆದು, ವಿಭೂತಿ ಹಚ್ಚಿ, ಎದುರು ಕೂತು ಎಡಗೈ ಚಾಚುತ್ತಿದ್ದಳು. ಅಂಗೈ ಮೇಲಿನ ಲಿಂಗ ಎಷ್ಟು ದೊಡ್ಡದಿದ್ದೀತು? ಅದರ ಎರಡೂ ಕಡೆ ಬರೆ ಎದ್ದು ಕಾಣುತ್ತಿತ್ತು.

ವಾರ ಕಳೆಯುವಷ್ಟರಲ್ಲಿ ಅತ್ತೆ ತೊದಲಿದಳು, "ಬಲಗೈ ಕೊಡೇ."

"ಲಿಂಗ ಹಿಡಿಯೋದು ಎಡಗೈನಾಗಲ್ವೇನ್ರಿ ಅತ್ತೆ? ನೀವೇ ಕಲಿಸಿದ್ರಿ."

ಮುದುಕಿ ಕಣ್ಣು ಮುಚ್ಚಿಕೊಂಡಳು.

"ಕಣ್ಣು ಬಿಡ್ರಿ. ನೋಡದಿದ್ರೆ ಪೂಜೆ ಆಗಾಕಿಲ್ಲ. ಪೂಜೆ ಆಗದೆ ಊಟ ಹೆಂಗೆ ಮಾಡ್ತೀರಿ?"

ಪಕ್ಕದ ಮನೆಯ ಶಿವಗಂಗಮ್ಮ ಬಾಗಿಲಲ್ಲಿ ನಿಂತು ಕೈಮುಗಿದಳು. "ಎಂಥ ಸೊಸೆ ಸಿಕ್ಕಾಳೆ ನಿಮ್ಗೆ! ಪುಣ್ಯ ಮಾಡಿದ್ರಿ ಬಿಡ್ರಿ." ಸರ್ವಮಂಗಳಮ್ಮ ಆ ಹೊಗಳಿಕೆಯನ್ನೂ ನುಂಗಿಕೊಂಡಳು.

ತಿಂಗಳು ತುಂಬಿದ ದಿನ, ಬರೆಯನ್ನೇ ನೋಡುತ್ತ ಕೂತಿದ್ದ ಮುದುಕಿ ತೊದಲಿದಳು, "ತಪ್ಪಾತು ಕಣವ್ವಾ. ಅವತ್ತು ನಾನು..."

ಈ ಒಂದು ಮಾತಿಗಾಗಿ ರುದ್ರಾಣಿ ಹನ್ನೆರಡು ವರ್ಷ ಕಾದಿದ್ದಳು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ? ಸಾಲಲಿಲ್ಲ, ಅಷ್ಟೇ.

"ಶ್," ಎಂದಳು, ಚಾಚಿದ ಕೈ ಅಲುಗಿಸದೆ. "ಪೂಜೆ ಹೊತ್ನಾಗೆ ಬಾಯಿ ಬಿಡಬಾರ್ದು ಅತ್ತೆ."