ಹಾಲವ್ವನ ಫೋಟೋದ ನಾಲ್ಕು ಬೆರಳು

ಹಾಲವ್ವ ಕತ್ತು ತಿರುಗಿಸಿ ನೋಡಿದ್ದನ್ನು ಮುಂಬಯಿಯ ಕಾಂದಿವಲಿಯ ಅವಳ ಚಾಳಿನಲ್ಲಿ ಯಾರೂ ಕಂಡಿಲ್ಲ. ಹಿಂದಿನಿಂದ ಯಾರಾದರೂ ಕರೆದರೆ ಇಡೀ ದೇಹವನ್ನೇ, ಪಲ್ಲಕ್ಕಿ ತಿರುಗಿಸುವಷ್ಟು ನಿಧಾನವಾಗಿ, ತಿರುಗಿಸುತ್ತಾಳೆ. ಬಾಗಲಕೋಟೆಯ ಕಡೆಯಿಂದ ಬಂದು ಇಪ್ಪತ್ತೆರಡು ವರ್ಷ, ಕಲಸಿದ ಸಿಮೆಂಟು ತುಂಬಿದ ಕಬ್ಬಿಣದ ಬುಟ್ಟಿ, ಘಮೇಲಾ, ಹೊತ್ತು ಅಂತಸ್ತಿನ ಮೇಲೆ ಅಂತಸ್ತು ಏರಿದ ತಲೆ ಅದು. ಹೊರೆ ಇಳಿದ ಮೇಲೂ ಹೊರೆಯ ಮರ್ಯಾದೆಯನ್ನು ಬಿಟ್ಟಿಲ್ಲ. ಅವಳ ಮಾತೂ ಹಾಗೆಯೇ, ನಿಧಾನ, ನೇರ, ಒಂದು ಹನಿಯೂ ಚೆಲ್ಲದಂತೆ.

ಇಂಥವಳ ಗುರುತಿನ ಚೀಟಿಯ ಭಾವಚಿತ್ರ ಮಾತ್ರ ಚಾಳಿಗೆಲ್ಲ ನಗೆಯ ಬುತ್ತಿ. ಹನ್ನೆರಡು ವರ್ಷದ ಹಿಂದೆ ಗಲ್ಲಿಗೆ ಫೋಟೋ ತೆಗೆಯುವವರು ಬಂದಾಗ, ಸರಕಾರ ನೋಡುವ ಮುಖ ಸಾದಾ ಇರಬಾರದೆಂದು, ಪಕ್ಕದ ಮನೆಯ ನೀಲಾವತಿಯ ಮುತ್ತಿನ ನತ್ತು ಎರವಲು ತಂದು, ಧಾರಾಳವಾಗಿ ಪೌಡರು ಬಳಿದುಕೊಂಡು ಕುಳಿತಳು. ಕ್ಯಾಮೆರಾದವನು "ಹಿಲ್ನಾ ಮತ್" ಎಂದ. ಅಲುಗಾಡಬೇಡವೆಂಬ ಆ ಮಾತನ್ನು ಹಾಲವ್ವ ಅದುವರೆಗೆ ಕೇಳಿದ್ದು ತಲೆಯ ಮೇಲೆ ಘಮೇಲಾ ಏರಿಸುವವರ ಬಾಯಲ್ಲಿ ಮಾತ್ರ. ಬಲಗೈ ತಾನಾಗಿ ಮೇಲೆದ್ದು ಇಲ್ಲದ ಹೊರೆಯನ್ನು ಹಿಡಿಯಿತು. ಆ ಗಡಿಬಿಡಿಯಲ್ಲಿ ಯಾರೂ ಗಮನಿಸಲಿಲ್ಲ. ಚೀಟಿ ಬಂದಾಗ ನೋಡಿದರೆ ಬೆಳ್ಳನೆಯ ಮುಖ, ದೊಡ್ಡ ನತ್ತು, ತಲೆಯ ಮೇಲೆ ನಾಲ್ಕು ಬೆರಳು.

"ಹಾಲವ್ವಾ, ನಿನ್ನ ತಲಿ ಯಾರ ಹಿಡಕೊಂಡಾರ?" ಎಂದು ನೀಲಾವತಿ ಇಂದಿಗೂ ಕೇಳುತ್ತಾಳೆ.

ಬೇರೆಯವರಾಗಿದ್ದರೆ ಫೋಟೋ ಬದಲಿಸುತ್ತಿದ್ದರು. ಹಾಲವ್ವ ತನ್ನನ್ನೇ ಬದಲಿಸಿಕೊಂಡಳು. ಬ್ಯಾಂಕಿರಲಿ, ರೇಷನ್ ಆಫೀಸಿರಲಿ, ಚೀಟಿ ತೋರಿಸಬೇಕಾದಾಗಲೆಲ್ಲ ಅದೇ ಪೌಡರು, ಅದೇ ನತ್ತು. ಸರಕಾರದ ಕಾಗದ ತನ್ನಿಂದಾಗಿ ಸುಳ್ಳಾಗಬಾರದೆಂಬುದು ಅವಳ ನ್ಯಾಯ.

ಈ ವರ್ಷ, ಚಾಳು ಕೆಡವಿ ಕಟ್ಟಲಿರುವ ಹೊಸ ಬಿಲ್ಡಿಂಗಿನಲ್ಲಿ ಅವಳ ಹೆಸರಿಗೊಂದು ಕೋಣೆ ಬಂತು. ಕಾಗದಪತ್ರ ಪರಿಶೀಲನೆಯ ದಿನ ನೋಡಿದರೆ ನೀಲಾವತಿ ನತ್ತಿನ ಸಮೇತ ಮದುವೆಗೆಂದು ಊರಿಗೆ ಹೋಗಿದ್ದಳು. ನತ್ತಿಲ್ಲದೆ ಹೋಗುವುದು ಹೇಗೆಂದು ಹಾಲವ್ವ ಹೊಸ್ತಿಲಲ್ಲೇ ಕುಳಿತುಬಿಟ್ಟಳು. ಕಾಲೇಜಿಗೆ ಹೋಗುವ ಮಗಳು ಸೋನಾಲಿ ಎಬ್ಬಿಸಿದಳು.

"ಅವ್ವಾ, ರೂಮ್ ನತ್ತಿಗಿ ಥೋಡೀ ಕೊಡ್ತಾರ? ನಿನಗ ಕೊಡ್ತಾರ. ಚಲ್ ನಾ, ನಡಿ."

ಸಾಲಿನಲ್ಲಿ ನಿಂತು ನಿಂತು ಪೌಡರೂ ಬೆವರಿಗೆ ಹೋಯಿತು. ಅಧಿಕಾರಿ ಚೀಟಿಯನ್ನು ದೂರ ಹಿಡಿದ, ಹತ್ತಿರ ಹಿಡಿದ, ಇವಳು ಅವಳಲ್ಲ ಎಂದ. ಸೋನಾಲಿ ಮರಾಠಿಯಲ್ಲಿ ವಾದಿಸಿದಳು. ಕಂಡವರ ಮನೆಗಳಿಗೆಲ್ಲ ಸಿಮೆಂಟು ಹೊತ್ತವಳಿಗೆ ತನ್ನದೆಂಬ ಒಂದೇ ಕೋಣೆ ಕೈತಪ್ಪುವುದರಲ್ಲಿತ್ತು. ಕೊನೆಗೆ ಅವನು, ಹೊಸ ಫೋಟೋ ತೆಗೆದು ಮೇಲಿನವರಿಗೆ ವಿಚಾರಣೆಗೆ ಕಳಿಸುತ್ತೇನೆ, ಅಲ್ಲಿಯವರೆಗೆ ಕೋಣೆ ತಡೆ ಎಂದು ಹೇಳಿ, ಮೇಜಿನ ಮೇಲಿನ ಕ್ಯಾಮೆರಾವನ್ನು ಅವಳತ್ತ ತಿರುಗಿಸಿದ.

"ಹಿಲ್ನಾ ಮತ್," ಎಂದ.

ಬಲಗೈ ಮೇಲೆದ್ದಿತು.

ಸೋನಾಲಿ ನಾಚಿ ಕೈ ಎಳೆಯಲು ಹೋದಳು. ಅಧಿಕಾರಿ ತಡೆದ. ಚೀಟಿ ನೋಡಿದ, ಅವಳನ್ನು ನೋಡಿದ, ಮತ್ತೆ ಚೀಟಿಯ ನಾಲ್ಕು ಬೆರಳುಗಳನ್ನು ನೋಡಿದ. ಪಕ್ಕದ ಮೇಜಿನವನನ್ನೂ ಕರೆದು ತೋರಿಸಿದ. ಇಬ್ಬರೂ ನಕ್ಕರು, ಕಾಗದಕ್ಕೆ ಠಸ್ಸೆ ಬಿತ್ತು. ಇನ್ನು ಕೈ ಇಳಿಸಬಹುದೆಂದು ಅವನು ಹೇಳಿದ್ದನ್ನು ಸೋನಾಲಿ ಅವ್ವನ ಕಿವಿಗೆ ಹಾಕಿದಳು.

"ಇಳಿಸಿದ್ರ ಮತ್ತ ನೀ ಯಾರು ಅಂತ ಕೇಳ್ತಾರ. ಮೊದ್ಲ ಕಾಗದಾ ಕೊಡ್ಲಿ," ಎಂದಳು ಹಾಲವ್ವ.

ಕೋಣೆಯ ಕಾಗದ ಎಡಗೈಗೆ ಬರುವ ತನಕ ಬಲಗೈ ಇಳಿಯಲಿಲ್ಲ.

ಇಂಥ ಜನ ನಮ್ಮ ನಡುವೆ ಬಹಳ. ಇದ್ದ ಮುಖ ಸಾಲದೆಂದು ಹೆದರಿ, ಎರವಲಿನ ಒಡವೆ ತೊಟ್ಟು ಕಚೇರಿಗಳ ಮುಂದೆ ನಿಲ್ಲುತ್ತಾರೆ. ಆ ಕಚೇರಿಗಳ ಗೋಡೆಯನ್ನೂ ತಾವೇ ಹೊತ್ತು ಏರಿಸಿದ್ದು ಅವರಿಗೆ ನೆನಪಿರುವುದಿಲ್ಲ. ಆದರೆ ದುಡಿದ ಮೈ ಏನನ್ನೂ ಮರೆಯುವುದಿಲ್ಲ. ಕೇಳುವವನು ಒಂದು ಗಳಿಗೆ ಕಣ್ಣಿಟ್ಟು ನೋಡಿದರೆ ಸಾಕು, ಅವರು ಯಾರೆಂಬುದನ್ನು ಅವರ ಕೈಯೇ ಎದ್ದು ಹೇಳುತ್ತದೆ.