ಕಾಲೇಜಿನವರು ಕರೆಯಲು ಬರಲಿಲ್ಲ

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದಾಗ ನಮ್ಮ ಊರುಗಳಲ್ಲಿ ಏನು ನಡೆಯುತ್ತದೆಂದು ನಿಮಗೆ ಗೊತ್ತೇ ಇದೆ. ಪಾಸಾದವರ ಮನೆಯವರು ಪೇಢೆ ಹಂಚುತ್ತಾರೆ. ನಪಾಸಾದವರ ಮನೆಯವರು ಆ ಪೇಢೆ ತಿನ್ನುತ್ತ ಮಾಸ್ತರನ್ನು ಬಯ್ಯುತ್ತಾರೆ. ಆಮೇಲೆ ಎರಡೂ ಮನೆಯವರು ಸುಮ್ಮನೆ ಕುಳಿತುಬಿಡುತ್ತಾರೆ. ನಪಾಸಾದವರು ಕುಳಿತರೆ ಅಕ್ಟೋಬರ್ ಪರೀಕ್ಷೆಯಾದರೂ ಇದೆ. ಪಾಸಾದವರು ಕುಳಿತರೆ ಏನಾಗುತ್ತದೆ ಎಂಬುದು ಈ ಕಥೆ.

ತಿಕೋಟಾದ ಬಸಲಿಂಗಯ್ಯನವರ ಮಗಳು ಕಾಶಿಬಾಯಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಅಪ್ಪ ಪೇಢೆ ಹಂಚಿದರು. ಮರುದಿನ ಒಗೆದ ರುಮಾಲು ಸುತ್ತಿಕೊಂಡು, ಬಸ್ಸು ನಿಲ್ಲುವ ಕಡೆ ಮುಖ ಮಾಡಿ, ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತರು. ಅದರ ಮರುದಿನವೂ ಕುಳಿತರು. ಬೀಗರು ಬರುವವರಿದ್ದಾರೆಂದು ಓಣಿಯವರು ತಿಳಿದರು. ಅವರು ಕಾಯುತ್ತಿದ್ದದ್ದು ಬಿಜಾಪುರದ ಕಾಲೇಜಿನವರನ್ನು.

ಇದು ಅರ್ಥವಾಗಬೇಕಾದರೆ ಬಸಲಿಂಗಯ್ಯನವರ ಒಂದು ನೇಮ ತಿಳಿದಿರಬೇಕು. ಅವರು ಊರಿನ ಅಯ್ಯನವರು, ಭಕ್ತರ ಮನೆಗಳಲ್ಲಿ ಪೂಜೆ ಮಾಡಿಸುವ ಜಂಗಮರು. ಯಾರ ಮನೆಯಲ್ಲಿ ಕಾರ್ಯವಿದ್ದರೂ ಹಿಂದಿನ ದಿನ ಆ ಮನೆಯವರು ಬಂದು, ಕೈಮುಗಿದು, ನಾಳೆ ನಮ್ಮಲ್ಲಿ ಪ್ರಸಾದಕ್ಕೆ ಬರಬೇಕೆಂದು ಕರೆಯಬೇಕು. ಕರೆ ಬಾರದೆ ಅಯ್ಯನವರು ಹೊಸ್ತಿಲು ದಾಟುವುದಿಲ್ಲ. ಎದುರು ಮನೆಯಲ್ಲೇ ಅಣ್ಣನ ಮಗನ ಮದುವೆಯಾದಾಗ, ಕರೆಯಬೇಕಾದವನು ಗಡಿಬಿಡಿಯಲ್ಲಿ ಮರೆತುಬಿಟ್ಟ. ಅಯ್ಯನವರು ಇದೇ ಕಟ್ಟೆಯ ಮೇಲೆ ಕುಳಿತು ಬ್ಯಾಂಡು ಕೇಳಿದರು, ಹುಗ್ಗಿಯ ವಾಸನೆ ಕುಡಿದರು, ಮನೆಯೊಳಗೆ ಹೋಗಿ ಹುರಿದ ಶೇಂಗಾ ತಿಂದು ಮಲಗಿದರು. ಆ ಮಾತನ್ನು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ.

ಕಾಲೇಜಿಗೂ ಅವರು ಇದೇ ನೇಮ ಹಚ್ಚಿದರು. ಹುಡುಗಿ ಜಾಣೆ, ಕಾಲೇಜಿಗೆ ಜಾಣರು ಬೇಕು, ಬೇಕಾದವರು ಬಂದು ಕರೆಯುತ್ತಾರೆ. ನಾವಾಗಿಯೇ ಹೋಗಿ ಬಾಗಿಲಲ್ಲಿ ನಿಂತರೆ ಮಗಳ ಕಿಮ್ಮತ್ತು ಏನು ಉಳಿಯಿತು ಎಂದು ಹೆಂಡತಿ ಮುರಿಗೆವ್ವನನ್ನು ಕೇಳಿದರು. ಮುರಿಗೆವ್ವ ರೊಟ್ಟಿ ಬಡಿದಳು. ಅವತ್ತು ರೊಟ್ಟಿ ಬಡಿಯುವ ಸಪ್ಪಳ ಸ್ವಲ್ಪ ಜೋರಾಗಿತ್ತು.

ಕಾಶಿಬಾಯಿಗೆ ಡಾಕ್ಟರಾಗುವ ಆಸೆ. ಕಪ್ಪೆಯ ಹೃದಯದ ಚಿತ್ರವನ್ನು ಪಡಸಾಲೆಯ ಗೋಡೆಯ ಮೇಲೆ ಇದ್ದಿಲಿನಿಂದ ಬರೆಯುತ್ತಿದ್ದಳು. ವಾರಕ್ಕೊಮ್ಮೆ ಅವ್ವ ಸಾರಿಸುವಾಗ ಅದು ಅಳಿಸಿಹೋಗುತ್ತಿತ್ತು, ಮತ್ತೆ ಬರೆಯುತ್ತಿದ್ದಳು. ಆದರೆ ಈ ಜೂನ್ ತಿಂಗಳಲ್ಲಿ ಪಿ.ಯು.ಸಿ. ಸೈನ್ಸಿಗೆ ಸೇರದಿದ್ದರೆ ಇನ್ನೊಂದು ವರ್ಷ ಮನೆಯಲ್ಲಿ ಕೂರಬೇಕು. ಮನೆಯಲ್ಲಿ ಕೂತ ಹುಡುಗಿಗಾಗಿ ಇಂಡಿ ಎಂಬ ಊರಿನ ಅತ್ತೆ ಆಗಲೇ ಒಂದು ವರ ನೋಡಿಟ್ಟಿದ್ದಳು. ವರನಿಗೆ ಎರಡು ಜೋಡಿ ಎತ್ತುಗಳಿವೆಯಂತೆ. ಅತ್ತೆ ಎತ್ತುಗಳ ವಿಷಯವನ್ನೇ ಹೆಚ್ಚು ಹೇಳುತ್ತಿದ್ದಳು, ವರನ ವಿಷಯ ಕಡಿಮೆ.

ಹೈಸ್ಕೂಲಿನ ಇಂಗ್ಲಿಷ್ ಮಾಸ್ತರು ಅಂಬಾದಾಸರಿಗೆ ಇದೆಲ್ಲ ಗೊತ್ತಿತ್ತು. ಅವರು ಇದೇ ಊರಿನವರು, ಊರ ಹೊರಗಿನ ಓಣಿಯ ಭಾಗಪ್ಪನ ಮಗ. ಆ ಮನೆಯವರು ಕೆಲವು ವರ್ಷಗಳ ಹಿಂದೆ ಬೌದ್ಧರಾಗಿದ್ದರು. ಅಂಬಾದಾಸರು ಬಿಜಾಪುರದಲ್ಲಿ ಬಿ.ಎ. ಮುಗಿಸಿ ತಿರುಗಿ ಬಂದು ಇಲ್ಲಿಯೇ ಕಲಿಸುತ್ತಿದ್ದರು. ಕಾಲೇಜಿನಲ್ಲಿ ಪಾಠವನ್ನೆಲ್ಲ ಇಂಗ್ಲಿಷಿನಲ್ಲೇ ಹೇಳುತ್ತಾರೆ, ಮೊದಲ ದಿನ ಅದು ಕಿವಿಗೆ ಕಲ್ಲು ಬಿದ್ದ ಹಾಗಾಗುತ್ತದೆ ಎಂದು ಅವರು ಸ್ವಂತ ಅನುಭವದಿಂದ ಬಲ್ಲರು. ಅದಕ್ಕೇ ಪರೀಕ್ಷೆ ಮುಗಿದ ಮೇಲೆ ಮೇ ತಿಂಗಳಿಡೀ ಬೆಳಿಗ್ಗೆ ಬೇವಿನ ಮರದ ಕೆಳಗೆ ಹುಡುಗ ಹುಡುಗಿಯರನ್ನು ಕೂರಿಸಿ ಇಂಗ್ಲಿಷ್ ಓದಿಸಿದರು. ಯಾರಿಗೆ ಆರ್ಟ್ಸ್, ಯಾರಿಗೆ ಸೈನ್ಸ್, ಯಾರಿಗೆ ಕಾಮರ್ಸ್ ಹೊಂದುತ್ತದೆಂದು ಒಬ್ಬೊಬ್ಬರನ್ನೇ ಕೇಳಿ ತಿಳಿದರು. ಫಲಿತಾಂಶಕ್ಕೆ ಮೊದಲೇ ಕಾಲೇಜಿನಿಂದ ಫಾರ್ಮು ತರಿಸಿದರು. ಕಾಶಿಬಾಯಿಯದು ತುಂಬಿ ತಯಾರಾಗಿತ್ತು. ಅಪ್ಪನ ಸಹಿ ಒಂದು ಬಾಕಿ.

ಮಾಸ್ತರು ಬಂದು ಎಂದಿನಂತೆ ಕಟ್ಟೆಯ ಕೆಳಗೇ ನಿಂತರು. ಮೇಲೆ ಬರ್ರಿ ಎಂದು ಆ ಮನೆಯಲ್ಲಿ ಯಾರೂ ಅವರಿಗೆ ಹೇಳಿರಲಿಲ್ಲ.

“ಅಯ್ಯಾವರ, ಫಾರ್ಮ್ ಕೊಡಾಕ ಶನಿವಾರ ಕಡೇ ತಾರೀಖ್ರಿ. ಆಮ್ಯಾಲ ಕಾಲೇಜಿನ ಕಿಟಕಿ ಮುಚ್ಚತಾರ.”

“ಫಸ್ಟ್ ಕ್ಲಾಸ್ ಬಂದಾಕಿ ಮುಂದ ಮುಚ್ಚತಾರೇನು?”

“ಕಿಟಕಿಗಿ ಕ್ಲಾಸ್ ಕಾಣಂಗಿಲ್ರಿ.”

ತಿಕೋಟಾದಲ್ಲಿ ಕಾಶಿಬಾಯಿ ಎಂಬ ಹುಡುಗಿ ಇದ್ದಾಳೆಂಬುದೇ ಕಾಲೇಜಿನವರಿಗೆ ಗೊತ್ತಿಲ್ಲ, ನಾವು ಹೋಗಿ ಹೇಳಿದಾಗಲೇ ಗೊತ್ತಾಗುವುದು ಎಂದು ಮಾಸ್ತರು ಬಿಡಿಸಿ ಹೇಳಿದರು. ಅಯ್ಯನವರು ನಕ್ಕರು. ನಂಬರು ಪೇಪರಿನಲ್ಲಿ ಬಂದಿದೆ, ಇಡೀ ರಾಜ್ಯ ಓದಿದೆ, ಕಾಲೇಜಿನವರಿಗೆ ಓದಲು ಬರುವುದಿಲ್ಲವೇನು ಎಂದರು. ಓದಲು ಬಾರದವರ ಹತ್ತಿರ ನನ್ನ ಮಗಳು ಏನು ಕಲಿಯಬೇಕು ಎಂದೂ ಸೇರಿಸಿದರು.

ಮಾಸ್ತರು ನಗಲಿಲ್ಲ.

“ನಮ್ಮ ಓಣಿಗಿ ಯಾವತ್ತೂ ಕರೆ ಬಂದಿಲ್ರಿ, ಅಯ್ಯಾವರ. ಊಟಕ್ಕೂ ಬಂದಿಲ್ಲ, ಸಾಲಿಗೂ ಬಂದಿಲ್ಲ. ಕರೆ ಬರಲಿ ಅಂತ ನಮ್ಮಪ್ಪ ಕುಂತಿದ್ರ ನಾನೂ ಇನ್ನೂ ಅಲ್ಲೇ ಕುಂತಿರತಿದ್ದೆ. ಅಂವ ನನ್ನ ಕೈ ಹಿಡಕೊಂಡು ಹೋಗಿ ಸಾಲಿ ಬಾಗಲಾ ಬಡದ.”

ಅಯ್ಯನವರು ಮೀಸೆ ತಿರುವಿ ಬಸ್ಸಿನ ಕಡೆ ನೋಡಿದರು.

ಮರುದಿನ ಬಸ್ಸಿನಿಂದ ಖಾಕಿ ಅಂಗಿಯವನೊಬ್ಬ ಇಳಿದ. ಹೆಗಲಿಗೆ ಚೀಲ, ಕಂಕುಳಲ್ಲಿ ಕಾಗದ. ಅವನು ನೆಟ್ಟಗೆ ಇದೇ ಮನೆಯತ್ತ ಬಂದು, ಬಸಲಿಂಗಯ್ಯನವರ ಮನೆ ಇದೇ ಏನ್ರಿ ಎಂದು ಕೇಳಿದ. ಅಯ್ಯನವರು ಎದ್ದು ನಿಂತರು. ಒಳಗೆ ನೀರಿಗೆ ಕೂಗಿದರು, ಬೆಲ್ಲಕ್ಕೆ ಕೂಗಿದರು, ಕಾಶಿಗೆ ಒಳ್ಳೆಯ ಸೀರೆ ಉಟ್ಟುಕೊಳ್ಳಲು ಕೂಗಿದರು. ಬಂದವನು ಬೆಲ್ಲ ತಿಂದ, ನೀರು ಕುಡಿದ. ಮನೆಯಲ್ಲಿ ಎಷ್ಟು ಖೋಲಿ ಎಂದು ಕೇಳಿದ. ಹುಡುಗಿಗೆ ಓದಲು ಬೇರೆ ಖೋಲಿ ಇದೆಯೋ ಇಲ್ಲವೋ ಎಂದು ಕಾಲೇಜಿನವರು ವಿಚಾರಿಸುತ್ತಿದ್ದಾರೆ ಎಂದುಕೊಂಡು ಅಯ್ಯನವರು ದನದ ಕೊಟ್ಟಿಗೆಯನ್ನೂ ಸೇರಿಸಿ ಹೇಳಿದರು. ಅವನು ಬಾಗಿಲ ಮೇಲೆ ಅಂಕಿ ಬರೆದು, ಬಸ್ಸು ನಿಲ್ಲುವಲ್ಲಿ ಬಿಟ್ಟು ಬಂದಿದ್ದ ಪಂಪು ತಂದು, ಕೊಟ್ಟಿಗೆಯೂ ಸೇರಿ ಎಲ್ಲ ಖೋಲಿಗಳ ಗೋಡೆಗಳಿಗೂ ಮಲೇರಿಯಾ ಔಷಧಿ ಹೊಡೆದ. ಕಪ್ಪೆಯ ಹೃದಯ ಬೆಳ್ಳಗಾಯಿತು. ಸೊಳ್ಳೆಗಳ ಜೊತೆ ಮನೆಯವರೂ ಮಧ್ಯಾಹ್ನದವರೆಗೆ ಬೀದಿಯಲ್ಲಿದ್ದರು.

“ಇವನಿಗಿ ಯಾರ ಕರೆ ಕೊಟ್ಟಿದ್ರು?” ಎಂದು ಮುರಿಗೆವ್ವ ಅಷ್ಟೇ ಕೇಳಿದಳು.

ಗುರುವಾರ ಬೆಳಿಗ್ಗೆ ಅಯ್ಯನವರು ಸ್ನಾನ ಮುಗಿಸಿ, ಲಿಂಗಪೂಜೆ ಮುಗಿಸಿ, ಪಡಸಾಲೆಯ ಗೋಡೆಗೆ ಒರಗಿ ಕುಳಿತರು. ದಿನಾ ಈ ಹೊತ್ತಿಗೆ ಮುರಿಗೆವ್ವ ಅಡಿಗೆಮನೆಯಿಂದ “ಊಟಕ್ಕ ಏಳ್ರಿ” ಎನ್ನುತ್ತಾಳೆ. ಮದುವೆಯಾದಾಗಿನಿಂದ ಹಾಗೆ. ಅದನ್ನು ಕೇಳದೆ ಅವರು ತಾಟಿನ ಮುಂದೆ ಕುಳಿತವರಲ್ಲ.

ಅವತ್ತು ದನಿ ಬರಲಿಲ್ಲ. ವಾಸನೆ ಬಂತು. ಎಣ್ಣೆ ಬದನೆಕಾಯಿಯ ವಾಸನೆ. ಆಮೇಲೆ ಬಿಸಿ ರೊಟ್ಟಿಯದು. ಕಾಶಿಬಾಯಿ ಉಂಡು ಕೈ ತೊಳೆದದ್ದು ಕೇಳಿಸಿತು. ಅಯ್ಯನವರು ಒಮ್ಮೆ ಕೆಮ್ಮಿದರು. ಇನ್ನೊಮ್ಮೆ, ಹೆಸರು ಹಿಡಿದು ಕರೆದಂತೆ ಕೆಮ್ಮಿದರು. ಒಳಗಿನಿಂದ ಮುರಿಗೆವ್ವನೂ ಕೆಮ್ಮಿದಳು. ಬೆಕ್ಕು ಎದ್ದು, ಯಾರೂ ಕರೆಯದಿದ್ದರೂ, ಅಡಿಗೆಮನೆಗೆ ನಡೆದುಹೋಯಿತು. ಅದು ಹೋದ ರೀತಿಯನ್ನು ಅಯ್ಯನವರು ಬಹಳ ಹೊತ್ತು ನೋಡಿದರು.

ಕೊನೆಗೆ ಅವರು ಎದ್ದರು. ಬಾಗಿಲಲ್ಲಿ ನಿಂತು, ಒಳಗೆ ಬಂದು, ತಾವೇ ಮಣೆ ಹಾಕಿಕೊಂಡು ಕುಳಿತರು.

“ಯಾರ ಕರದ್ರು ನಿಮ್ಮನ್ನ?” ಎಂದಳು ಮುರಿಗೆವ್ವ.

“ಹಸಿವಾಗೈತಿ. ಹಸದಾಂವಗ ಕರೀತಾರಂತ ಕುಂದರಬೇಕೇನು?”

ಮುರಿಗೆವ್ವ ತಾಟು ಇಟ್ಟಳು. ರೊಟ್ಟಿ ಹಾಕಿದಳು, ಪಲ್ಯ ಬಡಿಸಿದಳು, ಅವರು ಮೊದಲ ತುತ್ತು ಮುರಿಯುವವರೆಗೆ ತಡೆದಳು.

“ನಿಮ್ಮ ಮಗಳಿಗೂ ಹಸಿವಾಗೈತ್ರಿ. ನೀವು ಆಕಿನ್ನ ಪಡಸಾಲಿಯಾಗ ಕುಂದರಿಸೀರಿ.”

ಅಯ್ಯನವರು ಬೇಗ ಬೇಗ ಉಂಡರು. ಎರಡನೆಯ ರೊಟ್ಟಿ ಕೇಳಲಿಲ್ಲ. ಬಿಜಾಪುರದ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದರು.

ಕಾಲೇಜಿನ ಕಚೇರಿಯ ಮುಂದೆ ದೊಡ್ಡ ಸಾಲು ಇತ್ತು. ಇಂಡಿಯವರು, ಸಿಂದಗಿಯವರು, ಬಾಗೇವಾಡಿಯವರು, ಕೊಡೆ, ಬುತ್ತಿ, ಹೊಸ ಚಪ್ಪಲಿ. ಇಷ್ಟೊಂದು ಮಂದಿ ಕರೆಯದೆ ಬಂದದ್ದನ್ನು ಅಯ್ಯನವರು ಜೀವನದಲ್ಲಿ ಕಂಡಿರಲಿಲ್ಲ. ಮುಂದೆ ನಿಂತವನು ಸೊಲ್ಲಾಪುರ ರಸ್ತೆಯ ದರ್ಜಿ ಅಮೀನಸಾಬ. ಮಗಳು ಹಸೀನಾಳನ್ನು ಕರೆತಂದಿದ್ದ. ಕಾಲರಿನಲ್ಲಿ ಚುಚ್ಚಿದ ಸೂಜಿ ಹಾಗೆಯೇ ಇತ್ತು.

“ನಿಮಗ ಕರೆ ಬಂದಿತ್ತೇನ್ರಿ?” ಎಂದು ಅಯ್ಯನವರು ಮೆಲ್ಲಗೆ ಕೇಳಿದರು.

“ಬಂದಿತ್ರಿ. ಮನ್ಯಾಗಿಂದ ಬಂದಿತ್ತು. ಫಾರ್ಮ್ ಕೊಟ್ಟ ಹೊರತು ಮನಿಗಿ ಬರಬ್ಯಾಡ ಅಂದಾಳ.”

ಆ ಕ್ಷಣದಿಂದ ಇಬ್ಬರೂ ಅಣ್ಣತಮ್ಮಂದಿರಾದರು. ಹೋದ ವರ್ಷ ತನ್ನ ಹಿರಿಯ ಮಗನದು ಒಂದು ದಿನ ತಡವಾಯಿತು, ಕಿಟಕಿ ಮುಚ್ಚಿತ್ತು, ಆಮೇಲೆ ಅವನಿಗೆ ಓದುವ ಮನಸ್ಸೇ ಹೋಯಿತು, ಈಗ ಅಂಗಡಿಯಲ್ಲಿ ಗುಂಡಿ ಹಚ್ಚುತ್ತಾನೆ ಎಂದು ಅಮೀನಸಾಬ ಹೇಳಿದ. ಹುಡುಗ ಗಣಿತದಲ್ಲಿ ಬಹಳ ಚುರುಕಂತೆ. ಅಯ್ಯನವರು ಅದನ್ನು ಕೇಳಿ ಮಗಳ ಕಡೆ ತಿರುಗಿ ನೋಡಿದರು. ಅವಳು ಕಿಟಕಿಯನ್ನೇ ನೋಡುತ್ತಿದ್ದಳು, ಅದು ಓಡಿಹೋಗುತ್ತದೇನೋ ಎಂಬಂತೆ.

ಅವರ ಸರದಿ ಬಂತು. ಶಾಲೆ ಬಿಟ್ಟ ದಾಖಲೆ, ಹೆಡ್‌ಮಾಸ್ತರರ ಸಹಿ ಇದ್ದ ಅಂಕಪಟ್ಟಿಯ ನಕಲು, ಫೀ ಮಾಫಿಗಾಗಿ ಮಾಮಲೇದಾರ ಕಚೇರಿಯ ವರಮಾನದ ದಾಖಲೆ, ಎಲ್ಲವನ್ನೂ ಅಂಬಾದಾಸ ಮಾಸ್ತರು ಮೊದಲೇ ಹೊಂದಿಸಿ ದಾರ ಕಟ್ಟಿ ಕೊಟ್ಟಿದ್ದರು. ಅಯ್ಯನವರು ಸಹಿ ಮಾಡಿದರು. ಹಾಸ್ಟೆಲಿಗೆ ಬೇರೆ ಅರ್ಜಿ ಎಂದು ಗುಮಾಸ್ತ ಹೇಳಿದ. ಅದೂ ಕಟ್ಟಿನಲ್ಲಿತ್ತು. ಆರಿಸಿದವರ ಹೆಸರನ್ನು ಮುಂದಿನ ವಾರ ಬೋರ್ಡಿಗೆ ಹಚ್ಚುತ್ತೇವೆ, ಬಂದು ನೋಡಿಕೊಳ್ಳಿ ಎಂದ.

“ಮನಿಗಿ ಬಂದು ಹೇಳಂಗಿಲ್ಲೇನು?” ಎಂದರು ಅಯ್ಯನವರು. ಹಳೆಯ ಚಟ.

ಗುಮಾಸ್ತ ಕನ್ನಡಕ ಏರಿಸಿ ಅವರನ್ನೊಮ್ಮೆ, ಅವರ ಹಿಂದಿನ ಸಾಲನ್ನೊಮ್ಮೆ ನೋಡಿದ. ಕಾಶಿಬಾಯಿ ಅಪ್ಪನ ತೋಳು ಹಿಡಿದು ಆಚೆ ಎಳೆದಳು.

ಶುಕ್ರವಾರ ಬೆಳಿಗ್ಗೆ ಆಚೆಯ ಊರು ಬಬಲೇಶ್ವರದಲ್ಲಿ ಗಾಬರಿಯಾಯಿತು. ಅಲ್ಲಿಯ ಶೇಂಗಾ ವ್ಯಾಪಾರಿ, ಅಯ್ಯನವರ ಭಕ್ತ ಶಿವಶರಣಪ್ಪ ಹಲ್ಲುಜ್ಜುತ್ತ ನಿಂತಿದ್ದ. ಬಸಲಿಂಗಯ್ಯನವರು, ಕರೆಯದೆ, ನಡೆದು ಬರುವುದು ಕಂಡಿತು. ಕೈಯಲ್ಲಿದ್ದ ಬೇವಿನಕಡ್ಡಿ ಜಾರಿತು. ಯಾವ ಪೂಜೆ ಮರೆತೆವು, ಯಾರ ತಿಥಿ ಎಂದು ಹೆಂಡತಿಯನ್ನು ಕೇಳಿದ. ಅವಳು ಓಡಿಹೋಗಿ ಅಕ್ಕಿ ಹೆಚ್ಚಿಗೆ ಇಟ್ಟಳು. ಅಯ್ಯನವರು ಕೂರಲೂ ಇಲ್ಲ.

“ಊಟಕ್ಕ ಬಂದಿಲ್ಲ. ನಿಮ್ಮ ಹುಡುಗ ಪಾಸಾಗ್ಯಾನಲ್ಲ, ಫಾರ್ಮ್ ಕೊಟ್ಟಾನೇನು?”

ಕೊಟ್ಟಿರಲಿಲ್ಲ. ಅಂಗಡಿಯ ಸುಗ್ಗಿ ಮುಗಿಯಲಿ, ಆಮೇಲೆ ನೋಡೋಣ ಎಂದು ಶಿವಶರಣಪ್ಪ ಸುಮ್ಮನಿದ್ದ. ಕಿಟಕಿಗೆ ನಿಮ್ಮ ಸುಗ್ಗಿ ಕಾಣುವುದಿಲ್ಲ ಎಂದು ಅಯ್ಯನವರು ಹೇಳಿದರು. ಆ ಮಾತು ಎಲ್ಲಿಂದ ಬಂತೆಂದು ಹೇಳಲಿಲ್ಲ. ಹುಡುಗನನ್ನು ತಾವೇ ತಿಕೋಟಾಕ್ಕೆ ಕರೆದೊಯ್ದು ಅಂಬಾದಾಸರ ಮುಂದೆ ನಿಲ್ಲಿಸಿದರು. ಅಪ್ಪ ಮಗ ಇಬ್ಬರೂ ಶನಿವಾರ ಕಿಟಕಿ ಮುಚ್ಚುವ ಮುಂಚೆ ಸಾಲಿನ ಕೊನೆಯಲ್ಲಿದ್ದರು.

ಮುಂದಿನ ವಾರ ಬೋರ್ಡಿನಲ್ಲಿ ಕಾಶಿಬಾಯಿಯ ಹೆಸರು ಬಂತು. ಹಸೀನಾಳದು ಅವಳ ಕೆಳಗೇ ಇತ್ತು. ಊರಿಗೆ ಬಂದು ಕಾಶಿಬಾಯಿ ಕಪ್ಪೆಯ ಹೃದಯವನ್ನು ಔಷಧಿ ಹೊಡೆದ ಗೋಡೆಯ ಮೇಲೆಯೇ ಮತ್ತೆ ಬರೆದಳು. ಈ ಸಲ ಅವ್ವ ಅದರ ಸುತ್ತ ಸಾರಿಸಿದಳು. ಸುದ್ದಿ ಕೇಳಿದ ಇಂಡಿಯ ಅತ್ತೆ ಎತ್ತುಗಳ ಮಾತು ಬಿಟ್ಟಳು.

ಸಂಜೆ ಅಂಬಾದಾಸ ಮಾಸ್ತರು ಬಂದು ಕಟ್ಟೆಯ ಕೆಳಗೆ ನಿಂತರು. ಬಸಲಿಂಗಯ್ಯನವರು ಎದ್ದರು. ಕರೆಗಾಗಿ ಜೀವಮಾನವಿಡೀ ಕಾದ ಮನುಷ್ಯ ತಾನು ಯಾರನ್ನೂ ಕರೆದಿರಲಿಲ್ಲ. ಅದಕ್ಕೇ ಮಾತು ಸ್ವಲ್ಪ ತಡವರಿಸಿತು.

“ಒಳಗ ಬರ್ರಿ, ಮಾಸ್ತರ. ಎಣ್ಣಿಗಾಯಿ ಮಾಡ್ಯಾರ.”

ಓದುವವರೇ, ಕೇಳುವವರೇ, ನಿಮ್ಮ ಮನೆಯಲ್ಲಿಯೂ ಒಬ್ಬ ಮಗನೋ ಮಗಳೋ ಪಾಸಾಗಿ ಪಡಸಾಲೆಯಲ್ಲಿ ಕುಳಿತಿರಬಹುದು. ಕಾಲೇಜಿನವರು ಅವರನ್ನು ಹುಡುಕಿಕೊಂಡು ಬರುವುದಿಲ್ಲ. ಫಲಿತಾಂಶ ಬರುವ ಮೊದಲೇ ಫಾರ್ಮು ತರಿಸಿರಿ. ಮಗುವಿಗೆ ಯಾವ ವಿಷಯ ಇಷ್ಟವೆಂದು ಮಗುವನ್ನೇ ಕೇಳಿರಿ. ದಾಖಲೆಗಳ ನಕಲು ಮಾಡಿಸಿ ಸಹಿ ಹಾಕಿಸಿಡಿರಿ. ಬಡವರಿಗೆ ಫೀ ಮಾಫಿ ಇದೆ, ದೂರದವರಿಗೆ ಹಾಸ್ಟೆಲಿದೆ. ಅವನ್ನೂ ನಾವೇ ಕೇಳಬೇಕು. ತಿಳಿಯದಿದ್ದರೆ ನಿಮ್ಮ ಊರಿನ ಮಾಸ್ತರ ಮನೆಗೆ ಹೋಗಿರಿ, ಅವರು ಕಟ್ಟೆಯ ಕೆಳಗೆ ಬಂದು ನಿಲ್ಲುವವರೆಗೆ ಕಾಯಬೇಡಿರಿ.

ಇಷ್ಟಾದರೂ ಯಾರಾದರೂ ಕರೆದ ಹೊರತು ಎದ್ದು ಹೋಗುವುದು ನಮ್ಮ ಮನೆತನದ ಪದ್ಧತಿಯಲ್ಲ ಎನ್ನುವವರು ನಿಮ್ಮಲ್ಲಿ ಇದ್ದರೆ, ಇದೋ, ಕೈಮುಗಿದು ಕರೆಯುತ್ತಿದ್ದೇವೆ. ಕಿಟಕಿ ಇನ್ನೂ ತೆರೆದಿದೆ. ಏಳ್ರಿ.