ನಲ್ಲಿ ನಿಲ್ಲಿಸಿದವರಿಗೆ ಬಹುಮಾನ

ಎಲ್ಲಿಂದ ಶುರು ಮಾಡಲಿ? ಭೂಮಿ ಬಿಸಿಯಾಗುತ್ತಿರುವುದರಿಂದಲೇ? ಬೇಡ, ನೀವು ಎದ್ದು ಹೋಗುತ್ತೀರಿ. ಹೋಟೆಲಿನ ಮಾಲೀಕರು ಹಸಿರು ಟೈ ಕಟ್ಟಿಕೊಂಡು ಮಾಡಿದ ಭಾಷಣದಿಂದ? ಅದನ್ನು ಎರಡು ಸಲ ಬರೆದೆ, ಎರಡು ಸಲವೂ ನನಗೇ ಆಕಳಿಕೆ ಬಂತು. ಭಾಷಣದ ಸಾರ ಇಷ್ಟು: ನೀರು, ಕರೆಂಟು ಉಳಿಸುವ ಕೆಲಸಗಾರರಿಗೆ ಸಂಬಳದ ಜೊತೆ ಬೋನಸ್. ಷರತ್ತು ಒಂದೇ. ಉಳಿಸಿದ್ದನ್ನು ಸೂಪರ್‌ವೈಸರ್ ಮೇಡಂ ಕಣ್ಣಾರೆ ಕಂಡಿರಬೇಕು.

ಆ 'ಕಣ್ಣಾರೆ'ಯಿಂದಲೇ ಶುರು ಮಾಡೋಣ.

೧

ರೂಮು ಗುಡಿಸಿ ಹಾಸಿಗೆ ಸರಿಮಾಡುವ ಹೆಂಗಸೊಬ್ಬಳಿದ್ದಾಳೆ. ಬಾಯಿ ಮುಚ್ಚದವಳಾದ್ದರಿಂದ ಎಲ್ಲರೂ ಅವಳನ್ನು ಗಿಣಿ ಅನ್ನುತ್ತಾರೆ. ಅವಳ ಒಡಹುಟ್ಟಿದ ಅಕ್ಕ ಅದೇ ಹೋಟೆಲಿನಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುತ್ತಾಳೆ. ಅಕ್ಕನಿಗೆ ಮೊದಲಿನಿಂದಲೂ ಒಂದು ಗೀಳು. ಎಲ್ಲಿ ನೀರು ತೊಟ್ಟಿಕ್ಕಿದರೂ ಹೋಗಿ ನಿಲ್ಲಿಸಿ ಬರಬೇಕು, ಖಾಲಿ ರೂಮಿನ ದೀಪ ಆರಿಸಬೇಕು. ಬೋನಸ್ ಬಂದ ಮೇಲೂ ಅದನ್ನೇ ಮಾಡಿದಳು, ಯಾರೂ ಇಲ್ಲದಾಗ. ಹಾಗಾಗಿ ಅವಳಿಗೆ ಏನೂ ದಕ್ಕಲಿಲ್ಲ.

ಗಿಣಿ ಅಷ್ಟು ಪೆದ್ದಿಯಲ್ಲ. ಮೇಡಂ ಚಪ್ಪಲಿ ಸದ್ದು ಕಾರಿಡಾರಿನಲ್ಲಿ ಕೇಳಿಸಿದ್ದೇ ತಡ, ತಾನೇ ನಲ್ಲಿ ತೆರೆದುಬಿಡುತ್ತಿದ್ದಳು. ಮೇಡಂ ಬಾಗಿಲಿಗೆ ಬರುವ ಹೊತ್ತಿಗೆ, "ಅಯ್ಯೋ, ಈ ಗೆಸ್ಟುಗಳಿಗೆ ನೀರಿನ ಬೆಲೆನೇ ಗೊತ್ತಿಲ್ಲ ನೋಡಿ ಮೇಡಂ," ಅನ್ನುತ್ತ ನಿಲ್ಲಿಸುತ್ತಿದ್ದಳು.

(ಇಲ್ಲಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಾನೂ ನಕ್ಕೆ. ಇಡೀ ಕಥೆಯನ್ನು ತಮಾಷೆಯಲ್ಲೇ ಮುಗಿಸುವ ಅಂದಾಜಿತ್ತು.)

೨

ಒಂದು ದಿನ ಸದ್ದು ಕೇಳಿ ನಲ್ಲಿ ಬಿಟ್ಟಳು. ಮೇಡಂಗೆ ಯಾವುದೋ ಫೋನ್ ಬಂದು ಅವರು ಬಂದ ದಾರಿಯಲ್ಲೇ ತಿರುಗಿ ಹೋದರು. ಅಷ್ಟರಲ್ಲಿ ಎದುರು ರೂಮಿನವರು ಟವೆಲ್ ಕೇಳಿದರು, ಗಿಣಿ ಓಡಿದಳು, ನಲ್ಲಿ ಮರೆತೇಹೋಯಿತು. ಬೇಸಿನ್ನಿಗೆ ಬಿರಡೆ ಹಾಕಿತ್ತು. ನೀರು ತುಂಬಿ, ಹೊರಚೆಲ್ಲಿ, ಕೆಳಗಿನ ಕೋಣೆಯ ಚಾವಣಿಯಿಂದ ಇಳಿದು, ಅಕ್ಕ ಬೆಳಗಿನಿಂದ ಇಸ್ತ್ರಿ ಮಾಡಿ ಪೇರಿಸಿಟ್ಟಿದ್ದ ಬೆಡ್‌ಶೀಟುಗಳನ್ನೆಲ್ಲ ತೋಯಿಸಿತು. ಅಷ್ಟನ್ನೂ ಮತ್ತೆ ಒಗೆಯಬೇಕು. (ಅದಕ್ಕೆಷ್ಟು ನೀರು ಎಂದು ಕೇಳಬೇಡಿ, ನನಗೆ ಲೆಕ್ಕ ಬರುವುದಿಲ್ಲ.)

"ನಲ್ಲಿ ಬಿಟ್ಟೋರು ಯಾರು?" ಮೇಡಂ ಕೇಳಿದರು.

"ನಾನೇ ಇರ್ಬೇಕು ಮೇಡಂ," ಅಂದಳು ಅಕ್ಕ. "ಬೆಳಿಗ್ಗೆ ಆ ರೂಮಿಂದ ಕೊಳೆ ಬಟ್ಟೆ ತರೋಕೆ ಹೋಗಿದ್ದೆ. ಅಲ್ಲೇ ಕೈ ತೊಳ್ಕೊಂಡೆ."

ಗಿಣಿ ಪಕ್ಕದಲ್ಲೇ ನಿಂತಿದ್ದಳು.

೩ (ಹೊಡೆದು ಹಾಕಿದ್ದು)

'ತಂಗಿಯ ಮಾನ ಉಳಿಸಲೆಂದು ತಪ್ಪನ್ನು ತನ್ನ ಮೇಲೆ ಎಳೆದುಕೊಂಡ ಆ ತ್ಯಾಗಮಯಿ...'

ಇಷ್ಟು ಬರೆದು ನನ್ನ ಪ್ರತಿಭೆಗೆ ನಾನೇ ಕಣ್ಣೊರೆಸಿಕೊಳ್ಳುತ್ತಿದ್ದೆ. ಗಿಣಿ ತಡೆದಳು.

"ಏನ್ರೀ ಬರೀತಿದ್ದೀರಿ? ಅದು ನನ್ನ ಕಾಪಾಡೋಕೆ ಹೇಳಿದ್ದಲ್ಲ."

"ಮತ್ತೆ?"

"ಅವಳು ನಿಜವಾಗ್ಲೂ ತಾನೇ ಮರೆತೆ ಅಂದ್ಕೊಂಡಿದಾಳೆ ಕಣ್ರೀ."

ಅಂದಿನಿಂದ ಅಕ್ಕ ನಿಲ್ಲಿಸಿದ ನಲ್ಲಿಯನ್ನೇ ಮತ್ತೆ ಮತ್ತೆ ಹೋಗಿ ತಿರುಪುತ್ತಾಳಂತೆ. ಬಸ್‌ಸ್ಟಾಪಿಗೆ ಬಂದವಳು ಮನೆಗೆ ವಾಪಸ್ ಓಡುತ್ತಾಳಂತೆ. ಇದನ್ನು ಹೇಳುವಾಗ ಗಿಣಿ ನನ್ನ ಮುಖ ನೋಡಲಿಲ್ಲ. ನನಗೂ ನನ್ನ ತ್ಯಾಗಮಯಿಯ ಬಗ್ಗೆ ನಾಚಿಕೆಯಾಯಿತು.

೪

ಎಂಡಿಂಗ್ ಒಂದು. ಬೋನಸ್ ಕೊಡುವ ದಿನ ಗಿಣಿ ಎಲ್ಲರೆದುರು ತಪ್ಪೊಪ್ಪಿಕೊಳ್ಳುತ್ತಾಳೆ. ಚಪ್ಪಾಳೆ.

"ಚಪ್ಪಾಳೆ ನಿಮಗೆ, ಕೆಲಸ ಹೋಗೋದು ನನಗೆ," ಅಂದಳು.

ಎಂಡಿಂಗ್ ಎರಡು. ಬೋನಸ್ಸನ್ನೆಲ್ಲ ಅಕ್ಕನ ಕೈಗಿಡುತ್ತಾಳೆ.

"ಕೊಟ್ಟೆನಲ್ಲ! ನೀನು ದುಡಿದದ್ದು, ನಂಗ್ಯಾಕೇ ಅಂತ ವಾಪಸ್ ಕೊಟ್ಟು ಬೆನ್ನು ತಟ್ಟಿದ್ಲು. ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸ್ತು."

"ಹಾಗಾದರೆ ಮೇಡಂಗೆ ಬೇಡ ಕಣಮ್ಮ. ಅಕ್ಕನಿಗೊಬ್ಬಳಿಗೇ ಹೇಳು. ಕೆಲಸವೂ ಹೋಗುವುದಿಲ್ಲ."

ಅದಕ್ಕೆ ಅವಳ ಹತ್ತಿರ ಸಬೂಬಿರಲಿಲ್ಲ. ತಾನು ಅಕ್ಕನ ಕಣ್ಣಲ್ಲಿ ಸಣ್ಣವಳಾಗುತ್ತೇನೆ ಎಂಬ ಹೆದರಿಕೆಯೊಂದೇ ಇತ್ತು.

೫, ಅಥವಾ ಎಷ್ಟನೆಯದೋ

ಅಕ್ಕ ತಂಗಿ ಮನೆಗೆ ಹೋಗುವ ಬಸ್ಸಿನಲ್ಲಿ ಕೂತಿದ್ದಾರೆ. ಗಿಣಿಗೆ ಅನುಕೂಲವಾಗಲಿ ಎಂದು ಬೇರೆ ಪ್ರಯಾಣಿಕರನ್ನೆಲ್ಲ ನಾನು ಮೊದಲೇ ಇಳಿಸಿದ್ದೇನೆ. ಆಡಬೇಕಾದ ಮಾತನ್ನೂ ಬರೆದುಕೊಟ್ಟಿದ್ದೇನೆ: 'ಆ ನಲ್ಲಿ ಬಿಟ್ಟಿದ್ದು ನಾನು.' ಅಷ್ಟೇ.

"ಅಕ್ಕಾ," ಅಂದಳು ಗಿಣಿ.

"ಅಪ್ಪನಿಗೂ ಹೀಗೇ ಶುರುವಾಗಿದ್ದಲ್ವೇನೇ?" ಅಕ್ಕ ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು. "ಮೊದ್ಲು ಸಣ್ಣಪುಟ್ಟದ್ದು ಮರೀತಿದ್ರು. ಕೊನೆಗೆ ನಮ್ಮನ್ನೇ ಯಾರಮ್ಮಾ ನೀವು ಅಂದ್ರು."

"ವಯಸ್ಸಾಯ್ತಲ್ಲ ಅಕ್ಕ," ಅಂದಳು ಗಿಣಿ. "ಎಲ್ರಿಗೂ ಆಗುತ್ತೆ."

(ಇದು ನಾನು ಬರೆದ ಮಾತಲ್ಲ. ದಯವಿಟ್ಟು ನಂಬಿ.)

ಅಕ್ಕ ನಿಧಾನವಾಗಿ ತಲೆಯಾಡಿಸಿದಳು. "ಹಾಗಿದ್ರೆ ಕೆಲಸ ಬಿಡ್ತೀನಿ ಕಣೇ. ಕಾದ ಇಸ್ತ್ರಿಪೆಟ್ಟಿಗೆನ ಬಟ್ಟೆ ಮೇಲೇ ಮರೆತು ಬಂದ್ರೆ ಏನು ಗತಿ? ನಾಳೆ ಬೆಳಿಗ್ಗೆ ನೀನೇ ಮೇಡಂಗೆ ಹೇಳ್ಬಿಡು, ಅಕ್ಕಂಗೆ ಮರೆವು ಅಂತ. ನಂಗೆ ಹೇಳೋಕೆ ನಾಚಿಕೆ. ನೀನಂದ್ರೆ ನಂಬ್ತಾರೆ."

ಗಿಣಿ ನನ್ನ ಕಡೆ ತಿರುಗಿ ನೋಡಿದಳು. ನೀವೇ ಏನಾದರೂ ಮಾಡಿ ಎಂಬಂತೆ. ನಾನೇನು ಮಾಡಲಿ? ಅವರಿಳಿಯುವ ಸ್ಟಾಪು ಬಂತು ಎಂದು ಬರೆದರೆ ಇಬ್ಬರೂ ಇಳಿದು ಮನೆಗೆ ಹೋಗಿಬಿಡುತ್ತಾರೆ, ಬೆಳಗಾಗಿಬಿಡುತ್ತದೆ. ಅದಕ್ಕೇ ನಾನು ಬರೆಯುವುದಿಲ್ಲ.